ಕೂತಲ್ಲಿ ಕೂರದ ಧ್ಯಾನದ ಮೇಷ್ಟ್ರು

ನಮ್ಮ ಪಿ.ಟಿ. ಮೇಷ್ಟ್ರು ತೀರಿಕೊಂಡ ಸುದ್ದಿ ಹಳೇ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿನಲ್ಲಿ ಬಂತು. ಯಾರೋ ಅವರದೊಂದು ಫೋಟೋ ಹಾಕಿ, ಕೆಳಗೆ ‘ಧ್ಯಾನಗುರುಗಳಿಗೆ ನಮನ’ ಎಂದು ಬರೆದಿದ್ದರು. ಫೋಟೋದಲ್ಲಿ ಅವರ ಬಲಗೈ ಮಸುಕಾಗಿತ್ತು. ಅವರ ಯಾವ ಫೋಟೋ ತೆಗೆದು ನೋಡಿದರೂ ಕೈಯೋ ಕಾಲೋ ಮೂತಿಯೋ, ಯಾವುದಾದರೂ ಒಂದು ಮಸುಕಾಗಿಯೇ ಇರುತ್ತದೆ. ಕ್ಯಾಮೆರಾ ಕ್ಲಿಕ್ ಅನ್ನುವಷ್ಟು ಹೊತ್ತು ಕೂಡ ಅಲ್ಲಾಡದೆ ನಿಂತ ಮನುಷ್ಯ ಅವರಲ್ಲ. ಇಂಥವರು ಒಂದು ಊರಿಗೆ ಊರನ್ನೇ ಕಣ್ಣು ಮುಚ್ಚಿ ಕೂರಿಸಿದ್ದರು ಎಂದು ಈಗ ನಾನಿರುವ ಕೊರಟಗೆರೆಯ ಶಾಲೆಯಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. ನಂಬಬೇಕು ಎಂದು ನಾನೂ ಹಟ ಮಾಡಲಿಲ್ಲ. ಕಣ್ಣಾರೆ ಕಂಡ ನನಗೇ ನಂಬುವುದಕ್ಕೆ ಸಾಕಷ್ಟು ದಿನ ಹಿಡಿದಿತ್ತು.

ನಾನು ಮಧುಗಿರಿಯವಳು. ಪಾವಗಡ ತಾಲ್ಲೂಕಿನ ಆ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ವರ್ಗವಾಗಿ ಹೋದ ಮೊದಲ ದಿನ, ಬಸ್ಸಿಳಿದು ಅಂಗಡಿಯವನೊಬ್ಬನನ್ನು ಶಾಲೆ ಯಾವ ಕಡೆ ಎಂದು ಕೇಳಿದೆ. ಅವನು ತಲೆಯೆತ್ತದೆ, “ಒಂದು ಗಂಟಲು ಕೇಳಿಸ್ತೈತಲ್ಲ ಮೇಡಂ, ಅದನ್ನ ಹಿಡ್ಕಂಡು ಹೋಗಿ” ಎಂದ. ಹಾಗೇ ಹೋದೆ. ಗಂಟಲಿನ ತುದಿಯಲ್ಲಿ ಇವರು ನಿಂತಿದ್ದರು. ಬಿಳಿ ಶರಟು, ಬಿಳಿ ಪ್ಯಾಂಟು, ಕೆಂಪು ಮಣ್ಣು ಮೆತ್ತಿದ ಬಿಳಿ ಶೂ, ಕೊರಳಲ್ಲಿ ಸೀಟಿ. ಆ ಸೀಟಿಯನ್ನು ಅವರು ಮದುವೆಮನೆಗೂ ಹಾಕಿಕೊಂಡು ಹೋಗುತ್ತಿದ್ದರು. ಊಟದ ಪಂಕ್ತಿಯಲ್ಲಿ ಜನ ನುಗ್ಗಿದರೆ ಊದುವುದಕ್ಕಂತೆ. ಒಂದು ಮದುವೆಯಲ್ಲಿ ಊದಿಯೂ ಬಿಟ್ಟರು. ಪಂಕ್ತಿ ಸರಿಹೋಯಿತು. ಆದರೆ ವಾಲಗದವರು ತಮಗೇ ನಿಲ್ಲಿಸಲು ಹೇಳಿದ್ದೆಂದುಕೊಂಡು ನಿಲ್ಲಿಸಿಬಿಟ್ಟರು.

ಚಹಾ ಕುಡಿಯುತ್ತಿದ್ದದ್ದು ನಿಂತು. ಪೇಪರ್ ಓದುತ್ತಿದ್ದದ್ದು ನಡೆಯುತ್ತ. ಸ್ಟಾಫ್ ಮೀಟಿಂಗಿನಲ್ಲಿ ಹೆಡ್‌ಮಾಸ್ಟರು ಕೂರಿ ಕೂರಿ ಎಂದು ಗೋಗರೆದರೆ ಕಿಟಕಿಯ ಕಟ್ಟೆ ಮೇಲೆ ಅರ್ಧ ಕೂರುವರು. ಇನ್ನೊಂದು ಗಳಿಗೆಗೆ ತಿರುಗಿ ನೋಡಿದರೆ ಕಿಟಕಿಯ ಆಚೆ, ಮೈದಾನದಲ್ಲಿರುವರು. ಅಲ್ಲಿಂದಲೇ ‘ನಂದೂ ಒಪ್ಪಿಗೆ ಐತೆ ಸಾರ್’ ಎಂದು ಕೂಗುವರು. ಯಾವುದಕ್ಕೆ ಒಪ್ಪಿಗೆ ಎಂಬುದು ಅವರಿಗೂ ಗೊತ್ತಿರುತ್ತಿರಲಿಲ್ಲ.

ಇಂಥವರಿಗೆ ಒಂದು ವರ್ಷ ಖೋ-ಖೋ ಪಂದ್ಯ ಆಡಿಸುವಾಗ ಎದೆನೋವು ಬಂತು. ತುಮಕೂರಿಗೆ ಕರೆದೊಯ್ದರು, ಸ್ಟೆಂಟ್ ಹಾಕಿದರು. ಬಿಡುವಾಗ ಡಾಕ್ಟರು ಉಪ್ಪು ಕಡಿಮೆ ಮಾಡಿ, ಮಾತ್ರೆ ತಪ್ಪಿಸಬೇಡಿ ಎಂದದ್ದರ ಜೊತೆಗೆ ದಿನಾ ಸ್ವಲ್ಪ ಹೊತ್ತು ಸುಮ್ಮನೆ ಕೂತು ಧ್ಯಾನ ಮಾಡಿ ಎಂದೂ ಹೇಳಿದರು. ಹುಂಜಕ್ಕೆ ಕೂಗಬೇಡ ಅನ್ನುವುದೂ ಒಂದೇ, ಇವರಿಗೆ ಕೂರು ಅನ್ನುವುದೂ ಒಂದೇ. ಆದರೆ ಡಾಕ್ಟರ ಮಾತನ್ನು ಅವರು ಕ್ರೀಡಾ ಇಲಾಖೆಯ ಸುತ್ತೋಲೆಯಂತೆ ತಲೆಮೇಲಿಟ್ಟುಕೊಂಡರು. ರಜೆ ಹಾಕಿ, ತುಮಕೂರಿನಲ್ಲಿ ಯೋಗ ಹೇಳಿಕೊಡುವ ವಯಸ್ಸಾದವರೊಬ್ಬರ ಬಳಿ ಕಲಿತು ಬಂದರು. ಬಂದವರೇ ಆಟದ ಸಾಮಾನಿನ ಕೋಣೆಯಲ್ಲಿ, ವಾಲಿಬಾಲ್ ನೆಟ್ಟು, ಗುಂಡು, ಚಕ್ರಗಳ ನಡುವೆ ಚಾಪೆ ಹಾಸಿದರು.

ಪ್ರಯೋಗಾಲಯದ ಕಿಟಕಿಯಿಂದ ಆ ಕೋಣೆ ನನಗೆ ನೇರ ಕಾಣುತ್ತಿತ್ತು. ಮೇಷ್ಟ್ರು ಬೆನ್ನು ಸೆಟೆಸಿ, ಕಣ್ಣು ಬಿಗಿದು, ಯಾರ ಮೇಲೋ ಸೇಡು ತೀರಿಸಿಕೊಳ್ಳುವವರ ಹಾಗೆ ಕೂತಿರುತ್ತಿದ್ದರು. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ತೆರೆದುಕೊಳ್ಳುವುದು. ಆ ಕಣ್ಣು ಮೈದಾನವನ್ನು ಒಂದು ಸುತ್ತು ಹಾಕುವುದು. ಕಣ್ಣು ಮತ್ತೆ ಮುಚ್ಚಿದ ಮೇಲೆ ಬಾಯಿ, “ಲೇ, ಆ ಜಾವೆಲಿನ್ ಕೆಳಗಿಡ್ಲಾ” ಅನ್ನುವುದು. ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ದಿನ ನನ್ನ ಹತ್ತಿರ ಬಂದು, ಗುಟ್ಟು ಕೇಳುವವರಂತೆ, ಇದರಲ್ಲಿ ಗೆದ್ದೆವು ಅಂತ ಹೇಗೆ ಗೊತ್ತಾಗುತ್ತದೆ ಮೇಡಂ ಎಂದರು. ನನಗೆ ತಿಳಿದಮಟ್ಟಿಗೆ ಇದರಲ್ಲಿ ಗೆಲ್ಲುವುದು ಅಂತೇನಿಲ್ಲ ಸಾರ್ ಎಂದೆ. ಆ ದಿನವಿಡೀ ಮಂಕಾಗಿದ್ದರು. ಮಾರನೆಯ ದಿನ ಗೇಟಿನಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದರು.

“ಗೆಲ್ಲೋದಿಲ್ಲ ಅಂದ್ಮೇಲೆ ಸೋಲೋದೂ ಇಲ್ಲ ಅಂತಾಯ್ತಲ್ಲ ಮೇಡಂ. ಇದು ನಮ್ಮೂರೋರಿಗೆ ಹೇಳ್ಬೇಕಾದ ಆಟ.”

ಅವರ ಊರು ಅದೇ ತಾಲ್ಲೂಕಿನ ವಳ್ಳೂರಿನ ಪಕ್ಕದ್ದು. ಸುತ್ತಲಿನ ಹೊಲಗಳನ್ನೆಲ್ಲ ಸೋಲಾರ್‌ಗೆ ಗುತ್ತಿಗೆ ಕೊಟ್ಟಾಗಿತ್ತು. ಕಣ್ಣು ಹಾಯಿಸಿದಷ್ಟು ದೂರ ನೀಲಿ ಪ್ಲೇಟುಗಳು ಬಿಸಿಲು ಕುಡಿಯುತ್ತ ಮಲಗಿದ್ದವು. ಊಟಕ್ಕೆ ತೊಂದರೆ ಇರಲಿಲ್ಲ. ಆದರೆ ಕೋಳಿ ಕೂಗುವ ಮೊದಲೇ ಎದ್ದು ಅಭ್ಯಾಸವಾಗಿದ್ದ ಗಂಡಸರಿಗೆ ಎದ್ದು ಹೋಗಲು ಹೊಲವಿರಲಿಲ್ಲ. ಮೈ ದಣಿಯದೆ ನಿದ್ದೆ ಬಾರದು, ನಿದ್ದೆಯಿಲ್ಲದೆ ಸಿಟ್ಟು, ಸಿಟ್ಟಿಗೆ ಮನೆಯಲ್ಲಿ ಜಗಳ. ಮೇಷ್ಟ್ರು ಊರಿನ ಸಮುದಾಯ ಭವನದಲ್ಲಿ ಬೆಳಿಗ್ಗೆ ಡೈರಿಗೆ ಹಾಲು ಹಾಕಿದ ಮೇಲೆ ಧ್ಯಾನದ ಕ್ಲಾಸು ಎಂದು ಸಾರಿದಾಗ, ಕಟ್ಟೆಯ ಮೇಲೆ ಕೂತಿದ್ದ ನರಸಪ್ಪ ಎಂಬ ಹಿರಿಯರು ತೆಲುಗಿನಲ್ಲಿ, “ಊರಿಕೆ ಕೂರ್ಚೋಡಾನಿಕಿ ಕ್ಲಾಸಾ ಸಾರ್?” ಎಂದರಂತೆ. ಸುಮ್ಮನೆ ಕೂರುವುದಕ್ಕೂ ಒಂದು ಕ್ಲಾಸೇ ಎಂದು. ಪ್ಲೇಟುಗಳು ಬಂದ ದಿನದಿಂದ ನಾವೆಲ್ಲ ಅದನ್ನೇ ತಾನೇ ಮಾಡುತ್ತಿರುವುದು, ಬೇಕಿದ್ದರೆ ನಿಮಗೇ ನಾವು ಕಲಿಸುತ್ತೇವೆ ಎಂದೂ ಸೇರಿಸಿದರಂತೆ. ಇದನ್ನು ಸ್ಟಾಫ್ ರೂಮಿನಲ್ಲಿ ನಮಗೆಲ್ಲ ಹೇಳಿ ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ.

ನಾನು ಆ ಕ್ಲಾಸಿಗೆ ಸೇರಿದ್ದು ತಲೆನೋವಿನ ಕಾಟಕ್ಕೆ. ಪಾವಗಡದಲ್ಲಿ ರೂಮು ಮಾಡಿಕೊಂಡಿದ್ದೆ. ಬೆಳಗಿನ ಬಸ್ಸು ಹಿಡಿದರೆ ಶಾಲೆಗೆ ಮುಂಚೆ ಅಲ್ಲಿ ಕೂತು ಬರಬಹುದಿತ್ತು. ಮೊದಲೇ ಹೇಳಿಬಿಟ್ಟೆ, ನನಗೆ ಇದರಲ್ಲೆಲ್ಲ ಅಷ್ಟು ನಂಬಿಕೆ ಇಲ್ಲ ಎಂದು. ನಂಬಬೇಡಿ, ಕೂತು ನೋಡಿ, ನೀವು ಕಪ್ಪೆ ಕೊಯ್ದು ನೋಡೋರಲ್ವಾ ಎಂದರು.

ಅವರು ಹೇಳಿಕೊಡುತ್ತಿದ್ದದ್ದು ಬಹಳ ಸರಳ. ಪದ್ಮಾಸನವೇ ಆಗಬೇಕೆಂಬ ಹಟವಿರಲಿಲ್ಲ. ಮಂಡಿ ನೋವಿನವರಿಗೆ ಕುರ್ಚಿ, ಬೆನ್ನು ಸೋತವರಿಗೆ ಗೋಡೆ. ಉಸಿರನ್ನು ಎಳೆದಾಡಬೇಡಿ, ಅದು ಬರುವುದನ್ನೂ ಹೋಗುವುದನ್ನೂ ಮೂಗಿನ ತುದಿಯಲ್ಲಿ ನಿಂತು ನೋಡಿ, ಅಷ್ಟೇ. ಮನಸ್ಸು ಓಡಿಹೋಗುತ್ತದಲ್ಲ ಎಂದು ಯಾರೋ ದೂರಿದಾಗ ಅವರು ಕೊಟ್ಟ ಉತ್ತರವನ್ನು ನಾನು ಇವತ್ತಿಗೂ ಬಳಸುತ್ತೇನೆ.

“ಬಾಲ್ ಕಾಂಪೌಂಡ್ ಆಚೆ ಹೋಗ್ತೈತಲ್ಲ, ಆಗೇನ್ ಮಾಡ್ತೀಯ? ಹೋಗಿ ತಗೊಂಡ್ ಬರ್ತೀಯ. ಬಾಲ್‌ನ ಬಯ್ತೀಯೇನಪ್ಪ? ಮತ್ತೆ ಹೋಗ್ತೈತೆ, ಮತ್ತೆ ತಗೊಂಡ್ ಬಾ. ತರೋದೇ ಆಟ.”

ಇಷ್ಟು ತಿಳಿಯಾಗಿ ಹೇಳಿ, ಎಲ್ಲರೂ ಕಣ್ಣು ಮುಚ್ಚಿದೊಡನೆ ತಾವು ಎದ್ದು ಓಡಾಡಲು ಶುರು ಮಾಡುತ್ತಿದ್ದರು. ಅವರ ಶೂ ಕಿರ್ರೆನ್ನುತ್ತ ಒಬ್ಬೊಬ್ಬರ ಮುಂದೆ ನಿಲ್ಲುವುದು. “ಶಾಂತವಾಗಿರಿ” ಎಂದು ಅವರು ಕಿವಿಯ ಬುಡದಲ್ಲಿ ಹೇಳಿದರೆ ಭವನದ ಹಿಂದಿನ ಹಲಸಿನ ಮರದ ಕಾಗೆಗಳು ಏಳುತ್ತಿದ್ದವು. ನರಸಪ್ಪನವರು ಬೇಗ ನಿದ್ದೆಗೆ ಜಾರುತ್ತಿದ್ದರು. ಅವರನ್ನು ಎಬ್ಬಿಸಬಾರದು ಎಂಬುದು ಮೇಷ್ಟ್ರ ಆಜ್ಞೆ. ವರ್ಷಗಟ್ಟಲೆ ನಿದ್ದೆ ಇಲ್ಲದವನಿಗೆ ನಿದ್ದೆ ಬಂದರೆ ಅದೇ ಮೊದಲ ಬಹುಮಾನ ಎನ್ನುತ್ತಿದ್ದರು.

ಲಾಭದ ವಿಷಯದಲ್ಲಿ ಮಾತ್ರ ಅವರು ಬಲು ಜುಗ್ಗ. ಇದರಿಂದ ಸಕ್ಕರೆ ಕಾಯಿಲೆ ಹೋಗುತ್ತದಾ ಎಂದು ಕೇಳಿದವರಿಗೆ, ಮಾತ್ರೆ ಬಿಟ್ಟೀಯ ಜೋಕೆ ಎಂದು ಗದರಿಸುತ್ತಿದ್ದರು. ಹಾಗಾದರೆ ಏನು ಸಿಗುತ್ತದೆ ಎಂದರೆ, ಸಿಟ್ಟು ಬಂದಾಗ ಸಿಟ್ಟಿಗೂ ಎತ್ತಿದ ಕೈಗೂ ನಡುವೆ ಒಂದು ಉಸಿರಿನಷ್ಟು ಜಾಗ ಸಿಗುತ್ತದೆ, ಆ ಜಾಗದಲ್ಲಿ ಕೈ ಇಳಿಸಬಹುದು, ಅಷ್ಟೇ ಎನ್ನುತ್ತಿದ್ದರು. ಹೈಸ್ಕೂಲಿನ ಹುಡುಗರ ಬೆನ್ನುಗಳಿಗೆ ಈ ಮಾತು ನಿಜ ಎಂದು ಗೊತ್ತಿತ್ತು. ಮೇಷ್ಟ್ರ ಕೈ ಈಗೀಗ ಮೇಲೆದ್ದು, ಅಲ್ಲೇ ಸ್ವಲ್ಪ ನಿಂತು, ತಮ್ಮದೇ ತಲೆ ಕೆರೆದುಕೊಂಡು ಕೆಳಗಿಳಿಯುತ್ತಿತ್ತು. ನನ್ನ ತಲೆನೋವು ಪೂರ್ತಿ ಹೋಗಲಿಲ್ಲ. ಬರುತ್ತಿದೆ ಎಂದು ಮೊದಲೇ ಗೊತ್ತಾಗತೊಡಗಿತು, ಹೆದರಿಕೆ ಕಡಿಮೆಯಾಯಿತು.

ತಾಲ್ಲೂಕಿನ ಯೋಗ ದಿನಕ್ಕೆ ಒಮ್ಮೆ ಅವರನ್ನೇ ವೇದಿಕೆಗೆ ಕರೆದರು. ಅಧಿಕಾರಿಗಳು, ಮಕ್ಕಳು, ಪೊಲೀಸರು ಎಲ್ಲರೂ ಮೈದಾನದಲ್ಲಿ ಕಣ್ಣು ಮುಚ್ಚಿ ಕೂತಿದ್ದೆವು. ಧ್ವನಿವರ್ಧಕವೂ ಮೌನವಾಗಿತ್ತು. ಆ ಮೌನದ ನಟ್ಟನಡುವೆ, “ಲೇ, ಆ ಮೇಕೆ ಓಡಿಸ್ಲಾ, ಶಾಮಿಯಾನ ತಿಂತೈತೆ” ಎಂಬ ಗುಡುಗು ನಾಲ್ಕು ಕಡೆಯ ಸ್ಪೀಕರಿನಿಂದಲೂ ಬಂತು. ಎಲ್ಲರೂ ಕಣ್ಣು ಬಿಟ್ಟು ಮೇಕೆಯನ್ನೇ ನೋಡಿದೆವು. ಮೇಷ್ಟ್ರು ಒಂದಿಷ್ಟೂ ಅಳುಕದೆ, ಈಗ ಎಲ್ಲರ ಮನಸ್ಸೂ ಮೇಕೆ ಹತ್ತಿರ ಹೋಗಿದೆ, ಬಯ್ಯದೆ ವಾಪಸ್ ಕರೆದುಕೊಂಡು ಬನ್ನಿ ಎಂದರು.

ಅವರನ್ನು ಗೇಲಿ ಮಾಡಲು ಇಂಥವು ಬೇಕಾದಷ್ಟಿವೆ. ಆದರೆ ಅಂಜಿನಮ್ಮನ ಪ್ರಸಂಗ ಬೇರೆ. ಅಲ್ಲಿಯವರೆಗೆ ಮೇಷ್ಟ್ರಿಗೆ ಧ್ಯಾನವೆಂದರೆ ಒಂದು ಹೊಸ ಆಟ. ಅದು ಆಟಕ್ಕಿಂತ ದೊಡ್ಡದು ಎಂದು ಅವರಿಗೆ ತಿಳಿದದ್ದು ಆಗ.

ಅಂಜಿನಮ್ಮ ಅದೇ ಊರಿನವರು. ಗಂಡ ಮೇವು ತರಲು ಹೋದಾಗ ಹಾವು ಕಚ್ಚಿತ್ತು. ಆಟೋದಲ್ಲಿ ಪಾವಗಡಕ್ಕೆ ಕರೆದೊಯ್ಯುವಾಗ ಆಕೆಯ ಮಡಿಲಲ್ಲೇ ಆತನ ಉಸಿರು ಕಟ್ಟಿ ಕಟ್ಟಿ ನಿಂತುಹೋಗಿತ್ತು. ಅದಾದ ಮೇಲೆ ಆಕೆಗೆ ನಿದ್ದೆಯೇ ಇಲ್ಲ. ಅಕ್ಕಪಕ್ಕದವರು ಕ್ಲಾಸಿಗೆ ಕರೆತಂದರು. ಕಣ್ಣು ಮುಚ್ಚಿ ಉಸಿರು ನೋಡು ಎಂದರೆ ಆಕೆ ನೋಡಿದರು. ಸ್ವಲ್ಪ ಹೊತ್ತಿಗೇ ಮೈಯೆಲ್ಲ ಬೆವರಿ ನಡುಗತೊಡಗಿದರು. ನನಗೆ ಬೇಡ, ಎದ್ದು ಹೋಗುತ್ತೇನೆ ಎಂದರು. ಮೇಷ್ಟ್ರಿಗೆ ಓಟದ ಕೊನೆಯ ಸುತ್ತಿನಲ್ಲಿ ಕೈಬಿಡುವ ಹುಡುಗರು ನೆನಪಾದರೋ ಏನೋ, ಬಿಡಬೇಡ, ಹಲ್ಲು ಕಚ್ಚಿ ಕೂರು, ದಾಟಿಹೋಗುತ್ತದೆ ಎಂದು ಹುರಿದುಂಬಿಸಿದರು. ಆಕೆ ಕೂತರು. ಆಮೇಲೆ ಒಮ್ಮೆಲೇ ಚೀರಿ, ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದರು. ಬಾಗಿಲಲ್ಲಿ ಬಿದ್ದು ಮೊಣಕೈ ತರಚಿತು.

ಆ ದಿನ ಶಾಲೆಯಲ್ಲಿ ಮೇಷ್ಟ್ರ ಗಂಟಲು ಕೇಳಿಸಲಿಲ್ಲ. ಅಂಗಡಿಯವನು ಬಂದು ಮೇಷ್ಟ್ರಿಗೆ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದ. ಮಧ್ಯಾಹ್ನ ಅವರು ತುಮಕೂರಿನ ತಮ್ಮ ಗುರುಗಳಿಗೆ ಫೋನ್ ಮಾಡಿದರು. ಅತ್ತಲಿಂದ ಚೆನ್ನಾಗಿಯೇ ಬೈಗುಳ ಬಿತ್ತೆಂದು ಕಾಣುತ್ತದೆ. ಕೊನೆಯ ತನಕ ಹೂಂ ಹೂಂ ಎನ್ನುತ್ತ, ನನ್ನ ಜೀವಮಾನದಲ್ಲಿ ಮೊದಲ ಸಲ, ಅವರು ಬೆಂಚಿನ ಮೇಲೆ ಪೂರ್ತಿ ಕೂತಿದ್ದನ್ನು ನೋಡಿದೆ. ಆಮೇಲೆ ನನ್ನ ಕಡೆ ತಿರುಗಿದರು.

“ಆಯಮ್ಮಂಗೆ ಉಸ್ರು ಅಂದ್ರೆ ಗಂಡನ ಉಸ್ರು ಮೇಡಂ. ನಾನು ಅದನ್ನೇ ನೋಡು ನೋಡು ಅಂದ್ನಲ್ಲ. ಈಜು ಬರ್ದಿರೋನು ಇನ್ನೊಬ್ಬರನ್ನ ಬಾವಿಗೆ ತಳ್ಳಿದಂಗಾಯ್ತು.”

ಸಂಜೆ ಆಕೆಯ ಮನೆಗೆ ಹೋಗಬೇಕು, ಒಬ್ಬನೇ ಹೋದರೆ ಸರಿಯಾಗದು, ಬನ್ನಿ ಎಂದು ನನ್ನನ್ನೂ ಕರೆದೊಯ್ದರು. ಅಂಜಿನಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು, ಬೇರೆ ಊರಿನವರ ಬಿತ್ತನೆಗೆ ಕೂಲಿಗೆ ಕಡ್ಲೆಕಾಯಿ ಸುಲಿಯುತ್ತಿದ್ದರು. ಮಿಷನ್ನಿಗೆ ಹಾಕಿದರೆ ಬೀಜ ಒಡೆಯುತ್ತದೆಂದು ಬಿತ್ತುವವರು ಕೈಯಲ್ಲೇ ಸುಲಿಸುತ್ತಾರೆ. ಮೇಷ್ಟ್ರು ಚಪ್ಪರದಡಿ ನಿಂತು, ತಪ್ಪಾಯ್ತು ತಾಯಿ ಎಂದರು. ಆಕೆ, ಕೂತ್ಕಳಿ ಅಣ್ಣ ಎಂದರು. ಸುಮ್ಮನೆ ಕೂರುವುದು ಆಗದ ಮನುಷ್ಯ ರಾಶಿಗೆ ಕೈ ಹಾಕಿ ತಾವೂ ಸುಲಿಯಲು ತೊಡಗಿದರು. ನಾನೂ ಸೇರಿಕೊಂಡೆ. ಕಾಯಿ ಚಟ್ಟೆನ್ನುವುದು, ಬೀಜ ಮೊರಕ್ಕೆ ಬೀಳುವುದು, ಅದಷ್ಟೇ ಸದ್ದು. ಬಿಸಿಲು ಇಳಿಯಿತು. ಗುಡ್ಡೆ ಅರ್ಧವಾಗುವ ಹೊತ್ತಿಗೆ ಅಂಜಿನಮ್ಮನ ಬಿಗಿದ ಹೆಗಲು ಕೆಳಗಿಳಿದಿದ್ದವು. ಮೇಷ್ಟ್ರು ಅದನ್ನು ಗಮನಿಸಿದರು. ಓಟಗಾರರ ಹೆಗಲು ನೋಡಿ ನೋಡಿ ಪಳಗಿದ ಕಣ್ಣು ಅದು.

ಇದು ಮಾಡುವಾಗ ಏನು ಕಾಣಿಸುತ್ತದಮ್ಮ ಎಂದು ಕೇಳಿದರು. ಏನಿಲ್ಲ, ಕಾಯಿ ಕಾಣಿಸುತ್ತದೆ ಎಂದರು ಆಕೆ.

“ಅಷ್ಟೇ ಸಾಕು ಕಣಮ್ಮ. ಕಣ್ ಮುಚ್ಬೇಡ, ಉಸ್ರು ತಂಟೆಗೆ ಹೋಗ್ಬೇಡ. ಕಾಯಿ ನೋಡು, ಸುಲಿ. ಮನಸ್ಸು ಹೋದ್ರೆ ಇನ್ನೊಂದು ಕಾಯಿ ತಗೋ.”

ಆಕೆಯ ನಿದ್ದೆಗೆ ಇಷ್ಟೇ ಸಾಲದು, ಡಾಕ್ಟರಿಗೂ ತೋರಿಸಬೇಕು ಎಂದು ಮೇಷ್ಟ್ರೇ ಒತ್ತಾಯ ಮಾಡಿದರು. ಊರಿನವರು ಹುಚ್ಚು ಅಂದಾರು ಎಂದು ಆಕೆ ಹೆದರಿದಾಗ, ನಾನು ಎದೆಗೆ ಸ್ಟೆಂಟ್ ಹಾಕಿಸಿಕೊಂಡಾಗ ಯಾರಾದರೂ ಹುಚ್ಚು ಅಂದರೇನು ಎಂದು ವಾದ ಹೂಡಿದರು. ಆ ವಾದದಲ್ಲಿ ತರ್ಕ ಎಷ್ಟಿತ್ತೋ ಕಾಣೆ. ಆಕೆ ಒಪ್ಪಿ ನನ್ನ ಜೊತೆ ಮನಸ್ಸಿನ ಡಾಕ್ಟರ ಹತ್ತಿರ ಬಂದರು. ಮಾತ್ರೆ, ಮಾತು, ಕಡ್ಲೆಕಾಯಿ, ಯಾವುದು ಎಷ್ಟು ಕೆಲಸ ಮಾಡಿತೋ, ನಿದ್ದೆ ಮೆಲ್ಲಗೆ ಮರಳಿತು. ಮುಂಗಾರು ಬರುವ ಹೊತ್ತಿಗೆ ಕ್ಲಾಸಿಗೂ ಬರತೊಡಗಿದರು. ಎಲ್ಲರೂ ಕಣ್ಣು ಮುಚ್ಚಿ ಕೂತರೆ ಆಕೆ ಮೊರ ಇಟ್ಟುಕೊಂಡು ಕಣ್ಣು ಬಿಟ್ಟು ಕೂರುವರು.

ಅಂದಿನಿಂದ ಕ್ಲಾಸಿನ ಕಾಯಿದೆ ಬದಲಾಯಿತು. ಹೊಸಬರು ಬಂದರೆ ಮೇಷ್ಟ್ರು ಮೊದಲು ಕೇಳುತ್ತಿದ್ದದ್ದು, ಕಣ್ಣು ಮುಚ್ಚಿದರೆ ಭಯವಾಗುತ್ತದಾ ಎಂದು. ಆಗುತ್ತದೆ ಎಂದವರಿಗೆ ಕಣ್ಣು ತೆರೆದೇ ಇರಲು ಅಪ್ಪಣೆ. ಕೂರಲು ಆಗದವರು ಭವನದ ಸುತ್ತ ಹೆಜ್ಜೆ ನೋಡಿಕೊಂಡು ನಡೆಯಬಹುದು. ಈ ಕಾಯಿದೆ ಬಂದ ಮಾರನೆಯ ದಿನವೇ ಮೊದಲಿಗೆ ಎದ್ದು ನಡೆದವರು ಮೇಷ್ಟ್ರು. ಕೂತು ಮಾಡಿದ್ದು ನನಗೆ ಒಂದು ದಿನವೂ ಹತ್ತಿರಲಿಲ್ಲ, ಗುರು ಅನ್ನಿಸಿಕೊಂಡವನು ಹೇಗೆ ಹೇಳುವುದೆಂದು ಬಾಯಿ ಮುಚ್ಚಿಕೊಂಡಿದ್ದೆ ಎಂದು ನಮ್ಮೆದುರು ಒಪ್ಪಿಕೊಂಡರು. ಅದಕ್ಕೇ ನಮಗೂ ಶೂ ಸದ್ದು ಕೇಳಿಸುತ್ತಿತ್ತು ಎಂದರು ನರಸಪ್ಪ, ಕಣ್ಣು ಮುಚ್ಚಿಕೊಂಡೇ.

ಆಮೇಲೆ ಅವರು ನಿವೃತ್ತರಾದರು. ನನಗೆ ಕೊರಟಗೆರೆಗೆ ವರ್ಗವಾಯಿತು. ಫೋನ್ ಮಾಡುತ್ತಿದ್ದರು. ಫೋನನ್ನು ಕಿವಿಯಿಂದ ಎಷ್ಟು ದೂರ ಹಿಡಿದರೂ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಈ ಸಲ ಎದೆನೋವು ಮತ್ತೆ ಬಂದು ತುಮಕೂರಿಗೆ ಸೇರಿಸಿದಾಗ ನನಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಆ ಫೋಟೋ ಬಂದಾಗಲೇ.

ತಿಥಿಗೆ ಹೋಗಿದ್ದೆ. ಊರಿಗೆ ಊರೇ ಸೇರಿತ್ತು. ಮೇಷ್ಟ್ರ ಹೆಂಡತಿ ಒಳಗೆ ಗೋಡೆಗೊರಗಿ ಕೂತಿದ್ದರು. ಬಂದವರೆಲ್ಲ ಅವರ ಮುಂದೆ ಕೂತು, ನಿಮ್ಮ ಯಜಮಾನರು ಯೋಗಿ, ಸಾವಿಗೂ ಹೆದರದೆ ಹೋದರು ಎಂದು ಸಮಾಧಾನ ಹೇಳುತ್ತಿದ್ದರು. ಆಕೆ ತಲೆಯಾಡಿಸುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಯಾರಿಗೂ ಪರಿಚಯವಿಲ್ಲದ ಒಬ್ಬರು ಬಂದರು. ಬಿಳಿ ಟೋಪಿ, ನರೆತ ಗಡ್ಡ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಶಿರಾದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿರುವ ಬಾಷಾ ಸಾಬರು ಎಂದು ಹೇಳಿಕೊಂಡರು. ಆಸ್ಪತ್ರೆಯಲ್ಲಿ ಮೇಷ್ಟ್ರ ಪಕ್ಕದ ಮಂಚ ಇವರದು. ಇಬ್ಬರಿಗೂ ಒಂದೇ ದಿನ ಆಪರೇಷನ್ ಇತ್ತು. ಇವರದು ಸಲೀಸಾಗಿ ಮುಗಿದು ಮನೆಗೆ ಹೋಗಿದ್ದರು. ಮೇಷ್ಟ್ರು ಆಪರೇಷನ್‌ನಿಂದ ಮರಳಲಿಲ್ಲ ಎಂಬ ಸುದ್ದಿ ಕೇಳಿ, ವಿಳಾಸ ವಿಚಾರಿಸಿಕೊಂಡು ಬಂದಿದ್ದರು. ಮೇಷ್ಟ್ರ ಹೆಂಡತಿಯ ಮುಂದೆ ಕೂತು ಹೇಳಿದರು.

“ಆವತ್ತು ಬೆಳಿಗ್ಗೆ ಅವ್ರು ನನ್ ಕಡೆ ತಿರುಗಿದ್ರು ಅಮ್ಮಾ. ‘ಸಾಬ್ರೇ, ನನಗೆ ಬಹಳ ಭಯ ಆಗ್ತೈತೆ. ಸ್ವಲ್ಪ ನನ್ ಜೊತೆ ಉಸಿರಾಡ್ತೀರಾ’ ಅಂದ್ರು. ನನಗೂ ಅಷ್ಟೇ ಭಯ ಇತ್ತು, ಯಾರಿಗೂ ಹೇಳಿರ್ಲಿಲ್ಲ. ಅವ್ರು ಉಸಿರು ತಗೊಂಡಾಗ ನಾನೂ ತಗೊಂಡೆ, ಬಿಟ್ಟಾಗ ಬಿಟ್ಟೆ. ಸ್ಟ್ರೆಚರ್ ಬರೋ ತನಕ ಹಂಗೇ ಇದ್ವಿ.”

ಕೋಣೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಧ್ಯಾನ ಕಲಿಸುವವರು ಎಂದು ನಿಮಗೆ ಹೇಳಲಿಲ್ಲವೇ ಎಂದು ನಾನು ಕೇಳಿದೆ. ಇಲ್ಲವೇ ಇಲ್ಲ, ಈಗ ಹೊರಗೆ ಚಪ್ಪರದಲ್ಲಿ ಜನ ಆಡಿಕೊಳ್ಳುವುದನ್ನು ಕೇಳಿಯೇ ಗೊತ್ತಾಗಿದ್ದು ಎಂದರು ಬಾಷಾ ಸಾಬರು.

ಬೆಳಗಿನಿಂದ ಒಂದು ಮಾತೂ ಆಡದೆ ಕೂತಿದ್ದ ಮೇಷ್ಟ್ರ ಹೆಂಡತಿ ಆಗ ಮುಂದಕ್ಕೆ ಬಾಗಿ, ಆಮೇಲೆ ಅವರಿಗೆ ಭಯ ಹೋಯಿತಾ ಎಂದು ಕೇಳಿದರು.

ಬಾಷಾ ಸಾಬರು ಸುಳ್ಳು ಸಮಾಧಾನ ಹೇಳಲಿಲ್ಲ.

“ಗೊತ್ತಿಲ್ಲಮ್ಮಾ,” ಎಂದರು. “ನಂದು ಹೋಯ್ತು.”